ಕುರಿ ಇಲ್ಲದೆ ಕುರಿ ಕಾದದ್ದು

ಎಂಬತ್ತು ದಾಟಿದ ಮನುಷ್ಯನಿಗೆ ದಣಿವಾಗಲು ದೊಡ್ಡ ಕೆಲಸವೇನೂ ಬೇಕಿಲ್ಲ, ಒಂದು ಪ್ರಶ್ನೆ ಸಾಕು. ನನ್ನ ಪಾಲಿನ ಪ್ರಶ್ನೆ ದಿನಾ ಬೆಳಿಗ್ಗೆ ಆರು ಗಂಟೆಗೆ ಯಾದಗಿರಿಯ ಕೆರೆಯ ದಂಡೆಯ ಮೇಲೆ ತಲೆಗೆ ಮಫ್ಲರ್ ಸುತ್ತಿಕೊಂಡು ಬಿರುಸಾಗಿ ನಡೆಯುತ್ತ ಬರುತ್ತದೆ. ನನ್ನೆದುರು ನಿಲ್ಲುತ್ತದೆ. ಸ್ವಲ್ಪ ಹೊತ್ತು ನೋಡುತ್ತದೆ. ಆಮೇಲೆ, "ಇದರಿಂದ ನಿಮಗ ಏನು ಫಾಯ್ದಾ ಆಗ್ಯಾದ್ರಿ?" ಎನ್ನುತ್ತದೆ. ಕೇಳುವವರ ಮುಖ ಬದಲಾಗುತ್ತದೆ, ಮಫ್ಲರಿನ ಬಣ್ಣ ಬದಲಾಗುತ್ತದೆ, ಪ್ರಶ್ನೆ ಮಾತ್ರ ಐವತ್ತು ವರ್ಷದಿಂದ ಅದೇ ಇದೆ. ಅವರದೂ ತಪ್ಪಲ್ಲ. ನಾನು ಮಾಡುವ ಕಸರತ್ತು ಕಸರತ್ತಿನಂತೆ ಕಾಣುವುದಿಲ್ಲ. ಮೊಣಕಾಲು ಸ್ವಲ್ಪ ಬಾಗಿಸಿ ನಿಂತು, ನೀರಿನಲ್ಲಿ ಮಲಗಿದ ಎಮ್ಮೆಯನ್ನು ಪಕ್ಕಕ್ಕೆ ಸರಿಸುವವನ ಹಾಗೆ ಎರಡೂ ಕೈಗಳನ್ನು ಮುಂದಕ್ಕೆ ದೂಡುತ್ತೇನೆ. ಎಮ್ಮೆ ಸರಿಯುವುದಿಲ್ಲ. ಕೈ ಹಿಂದೆ ತೆಗೆದುಕೊಳ್ಳುತ್ತೇನೆ. ಸೊಂಟ ತಿರುಗಿಸಿ ಇನ್ನೊಂದು ಕಡೆಯಿಂದ ದೂಡುತ್ತೇನೆ. ಬೆವರಿಲ್ಲ, ಏದುಸಿರಿಲ್ಲ, ಎಣಿಕೆ ಇಲ್ಲ. ಇಪ್ಪತ್ತು ನಿಮಿಷ ಇಷ್ಟೇ.

ಶುಗರ್ ಹೋಯಿತು ಎಂದು ಹೇಳೋಣವೆಂದರೆ ಅದು ಅರವತ್ತನೆಯ ವಯಸ್ಸಿಗೆ ಬಂದದ್ದು ಇನ್ನೂ ನನ್ನ ಜೊತೆಗೇ ಇದೆ. ಮೊಣಕಾಲು ನೋವಿಲ್ಲ ಎನ್ನೋಣವೆಂದರೆ ನಾನು ಎದ್ದು ನಿಲ್ಲುವಾಗ ಆಗುವ ಸದ್ದಿಗೆ ಪಕ್ಕದ ಮನೆಯ ಬೆಕ್ಕು ಗೋಡೆ ಇಳಿದು ಹೋಗುತ್ತದೆ. ಕೂದಲು ಉಳಿದಿಲ್ಲ. ನೆನಪು ಅಷ್ಟಕ್ಕಷ್ಟೆ. ಹಾಗಾಗಿ, "ಏನೋ ರೂಢಿ ಆಗ್ಯಾದ್ರಿ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇನೆ. ಆದರೆ ನಿಜವಾದ ಉತ್ತರ ಕೊಡದೆ ತಪ್ಪಿಸಿಕೊಂಡು ತಪ್ಪಿಸಿಕೊಂಡು ಒಂದು ದೊಡ್ಡ ಸುಳ್ಳಿನೊಳಗೆ ಸಿಕ್ಕಿಬಿದ್ದವನು ನಾನು. ಆ ಸುಳ್ಳನ್ನು ಹೇಳಿಬಿಟ್ಟರೆ ದಣಿವು ಒಂದಿಷ್ಟು ಕಡಿಮೆಯಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮುದನಾಳದ ಕುರಿ ಕಾಯುವವರ ಮನೆಯವನು. ನಮ್ಮಪ್ಪನಿಗೆ ಮಗ ತನ್ನ ಹಾಗೆ ದಿನವಿಡೀ ಬಿಸಿಲಲ್ಲಿ ಕೋಲಿಗೆ ಒರಗಿ ನಿಲ್ಲಬಾರದು, ನೆರಳಲ್ಲಿ ಕೂತು ಉಣ್ಣಬೇಕು ಎಂಬ ಆಸೆ. ಸಾಲಿಗೆ ಕಳಿಸಿದ. ಆಗ ನಮ್ಮ ಕಡೆ ನಿಜಾಮರ ಕಾಲ, ಸಾಲಿ ಎಂದರೆ ಉರ್ದು. ಮನೆಯಲ್ಲಿ ಕನ್ನಡ ಆಡಿ, ಸಾಲಿಯಲ್ಲಿ ಉರ್ದು ಬರೆದು, ಅಕ್ಷರ ದುಂಡಗಿದ್ದ ಒಂದೇ ಪುಣ್ಯದಿಂದ ಯಾದಗಿರಿಯ ತಹಸೀಲು ಕಚೇರಿಯಲ್ಲಿ ಗುಮಾಸ್ತನಾದೆ. ನಿಜಾಮರು ಹೋದರು, ಕಚೇರಿಯ ಉರ್ದು ಉಳಿಯಿತು. ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಎಲ್ಲರ ಹಾಗೆ ನಾನೂ ಸಿಹಿ ತಿಂದು ಸಂತೋಷಪಟ್ಟೆ. ಬಾಯಿಯ ಸಿಹಿ ಆರುವುದರೊಳಗೆ ಆಜ್ಞೆ ಬಂತು: ಇನ್ನು ಮೇಲೆ ಎಲ್ಲವೂ ಕನ್ನಡದಲ್ಲಿ. ಹಳೆಯ ಉರ್ದು ದಫ್ತರಗಳನ್ನೆಲ್ಲ ಕನ್ನಡಕ್ಕೆ ಇಳಿಸಬೇಕು, ಮತ್ತು ಇಳಿಸುವವರು ಕನ್ನಡ ಪರೀಕ್ಷೆ ಪಾಸಾಗಬೇಕು. ಪಾಸಾಗದವರಿಗೆ ಬಡ್ತಿ ಇಲ್ಲ ಎಂದರು ಕೆಲವರು, ನೌಕರಿಯೇ ಇಲ್ಲ ಎಂದರು ಇನ್ನು ಕೆಲವರು. ಹುಟ್ಟಿದಾಗಿನಿಂದ ಕನ್ನಡದಲ್ಲೇ ಅತ್ತು, ಕನ್ನಡದಲ್ಲೇ ಬೈಸಿಕೊಂಡು ಬೆಳೆದ ನನಗೆ ಕನ್ನಡದಲ್ಲಿ ನನ್ನ ಹೆಸರು ಮತ್ತು ಊರಿನ ಹೆಸರು ಬಿಟ್ಟು ಬೇರೇನೂ ಬರೆಯಲು ಬರುತ್ತಿರಲಿಲ್ಲ.

ಇದನ್ನೆಲ್ಲ ಸರಿ ಮಾಡಲು ಮೈಸೂರು ಕಡೆಯಿಂದ ರಾಮಚಂದ್ರಯ್ಯನವರೆಂಬ ಶಿರಸ್ತೇದಾರರು ಬಂದರು. ಬಂಗಾರದಂಥ ಮನುಷ್ಯ, ಆದರೆ ಅವರ ಕನ್ನಡಕ್ಕೂ ನಮ್ಮದಕ್ಕೂ ಹೊಂದಿಕೊಳ್ಳಲು ಒಂದು ವರ್ಷ ಹಿಡಿಯಿತು. ನಾವು "ಬರ್ರಿ, ಕೂಡ್ರಿ, ತಗೋರಿ" ಎಂದು ಪ್ರೀತಿಯಿಂದ ಮಾತಾಡಿಸಿದರೆ ಅವರು ಜಗಳಕ್ಕೆ ಬಂದೆವೆಂದು ಕುರ್ಚಿ ಹಿಂದೆ ಸರಿಸಿಕೊಳ್ಳುತ್ತಿದ್ದರು. ಅವರು "ಆ ಪತ್ರ ಸ್ವಲ್ಪ ಕೊಡ್ತೀರಾ?" ಎಂದರೆ ನಾವು ಅದನ್ನು ಪ್ರಶ್ನೆಯೆಂದೇ ತಿಳಿದು "ಹೌದ್ರಿ" ಎಂದು ಉತ್ತರ ಕೊಟ್ಟು ಕೂತಲ್ಲೇ ಕೂತಿರುತ್ತಿದ್ದೆವು. ನಮಗೆ ಕಾಗದದ ಕಟ್ಟಿಗೆ ಮಿಸಲು ಎಂದರೆ ತಿಳಿಯುತ್ತಿತ್ತು. ಅವರು ಮೊದಲ ದಿನ ನನ್ನ ಹತ್ತಿರ ಬಂದು "ಕಡತ" ಎಂದಾಗ ನಾನು ಗಾಬರಿಯಾಗಿ, ಎಲ್ಲಿ ಕಡಿದಿದೆ, ಏನು ಕಡಿದಿದೆ ಎಂದು ಕೇಳಿದ್ದೆ. ಅವರು ನನಗೊಂದು ಕಾಪಿ ಪುಸ್ತಕ ಕೊಟ್ಟರು. ಇಪ್ಪತ್ತೇಳು ವರ್ಷದ, ಮದುವೆಯಾದ ಗುಮಾಸ್ತ ನಾನು ಊಟದ ಬಿಡುವಿನಲ್ಲಿ ಅ ಆ ಇ ಈ ತಿದ್ದುತ್ತ ಕೂತೆ. ಕೈ ತಾನಾಗಿ ಹಾಳೆಯ ಬಲಗಡೆಗೆ ಹೋಗಿ ನಿಲ್ಲುತ್ತಿತ್ತು. ಅದನ್ನು ಎಳೆದು ಎಡಕ್ಕೆ ತರುವುದರಲ್ಲೇ ಅರ್ಧ ಬಿಡುವು ಮುಗಿಯುತ್ತಿತ್ತು.

ಗುಲ್ಬರ್ಗಾಕ್ಕೆ ಹೋಗಿ ಪರೀಕ್ಷೆ ಬರೆದು ನಪಾಸಾದೆ. ನಾನು ಆಗ ಭಾರೀ ಅವಸರದ ಮನುಷ್ಯ, ಜೊತೆಗೆ ಸಿಟ್ಟಿನವನು. ಅವಸರದಲ್ಲಿ ಒತ್ತಕ್ಷರಗಳನ್ನು ಬಿಟ್ಟುಬಿಟ್ಟಿದ್ದೆ. ನಮ್ಮೂರಿನಲ್ಲಿ ಕತ್ತೆಗಳು ಬಹಳ ಎಂದು ಬರೆಯಲು ಹೋಗಿ ಕತೆಗಳು ಬಹಳ ಎಂದು ಬರೆದಿದ್ದೆನಂತೆ. ಅವು ದಿನಾ ಅಗಸರ ಬಟ್ಟೆ ಹೊತ್ತು ಹಳ್ಳಕ್ಕೆ ಹೋಗುತ್ತವೆ ಎಂದೂ ಮುಂದುವರಿಸಿದ್ದೆ. ರಾಮಚಂದ್ರಯ್ಯನವರು ಇದನ್ನು ನಗದೆ ಓದಿ ಹೇಳಿದರು, ಅವರು ನಗದಿದ್ದದ್ದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಮನೆಯಲ್ಲಿ ಹೆಂಡತಿ ನೀಲಮ್ಮನ ಮೇಲೆ ಕೂಗಾಡಿದೆ. ಕಚೇರಿಯಲ್ಲಿ ಬರೆಯುವ ಲೆಕ್ಕಣಿಕೆಗಳನ್ನು ಮುರಿದೆ. ಹಲ್ಲು ಕಡಿಯುವುದು ರೂಢಿಯಾಯಿತು. ಒಂದು ದಿನ ಮಧ್ಯಾಹ್ನ ಒತ್ತಕ್ಷರ ತಿದ್ದುತ್ತ ಕೂತವನ ಬಾಯಲ್ಲಿ ಕಟಕ್ಕನೆ ಸದ್ದಾಯಿತು. ದವಡೆ ಹಲ್ಲು ಎರಡು ಹೋಳಾಗಿತ್ತು.

ಸ್ಟೇಷನ್ ರಸ್ತೆಯಲ್ಲಿ ಒಂದು ಚೀನಿ ಹಲ್ಲಿನ ಅಂಗಡಿ ಇತ್ತು. ಹಲಗೆಯ ಮೇಲೆ ಕೆಂಪು ವಸಡು, ಬಿಳಿ ಹಲ್ಲು ಬರೆಸಿದ್ದರು, ಅಕ್ಷರ ಓದಲು ಬಾರದವರಿಗೂ ಒಳಗೆ ಏನು ನಡೆಯುತ್ತದೆಂದು ಗೊತ್ತಾಗಿ ಓಡಿಹೋಗುವ ಹಾಗೆ. ಅದರ ಮಾಲೀಕರ ಹೆಸರು ಚೆನ್. ಅವರ ತಂದೆ ಯಾವುದೋ ಕಾಲದಲ್ಲಿ ಕಲ್ಕತ್ತೆಯಿಂದ ಹೈದರಾಬಾದಿಗೆ ಬಂದು ಹಲ್ಲು ಕಟ್ಟುತ್ತಿದ್ದರಂತೆ. ಮಗ ರೈಲು ಹತ್ತಿ ಹೊರಟವರು ಯಾದಗಿರಿಯಲ್ಲಿ ಇಳಿದದ್ದು ಯಾಕೆ ಎಂದು ಕೇಳಿದರೆ, ಗಾಡಿ ಬಹಳ ಹೊತ್ತು ನಿಂತಿತ್ತು, ಕಿಟಕಿಯಿಂದ ನೋಡಿದೆ, ಜನ ಗಟ್ಟಿ ಸಜ್ಜಿ ರೊಟ್ಟಿ ಕಡಿಯುತ್ತಿದ್ದರು, ಇಲ್ಲಿ ಕೆಲಸ ಸಿಗುತ್ತದೆ ಎನಿಸಿತು ಎನ್ನುತ್ತಿದ್ದರು. ನಮ್ಮ ಜನ ಅವರನ್ನು ಮೊದಲು ಚೆನ್ ಸಾಹೇಬ ಎಂದರು, ಆಮೇಲೆ ಚೆನ್ನಸಾಬ ಎಂದರು, ನಾನು ಹೋಗುವ ಹೊತ್ತಿಗೆ ಅವರು ಪೂರಾ ಚೆನ್ನಪ್ಪ ಆಗಿದ್ದರು. ಐವತ್ತರ ಹತ್ತಿರದ, ತೆಳ್ಳಗಿನ, ಒಬ್ಬಂಟಿ ಮನುಷ್ಯ. ನಮ್ಮ ದಖ್ಖನಿ ಮಾತನ್ನು ಮೂಗಿನಿಂದ ಆಡುತ್ತಿದ್ದರು. ಅವರು ನನ್ನ ಹಲ್ಲು ಕಿತ್ತು, ಬಟ್ಟಲಲ್ಲಿ ಹಾಕಿ, ತಿರುಗಿಸಿ ತಿರುಗಿಸಿ ನೋಡಿ, "ದಾಂತ್ ಕಾ ಕುಛ್ ಕಸೂರ್ ನೈ. ಗುಸ್ಸಾ ದಾಂತ್ ಕು ಖಾರಾ" ಎಂದರು. ಹಲ್ಲಿನದೇನೂ ತಪ್ಪಿಲ್ಲ, ಸಿಟ್ಟು ಹಲ್ಲನ್ನು ತಿನ್ನುತ್ತಿದೆ ಎಂದರ್ಥ. ಹೀಗೇ ನಡೆದರೆ ವರ್ಷಕ್ಕೆ ಎರಡರ ಹಾಗೆ ಹೋಗುತ್ತವೆ, ತನಗೇನೋ ಒಳ್ಳೆಯದೇ, ಆದರೂ ನಾಳೆ ಸೂರ್ಯ ಹುಟ್ಟುವಾಗ ಅಂಗಡಿಯ ಹಿಂದಿನ ಬಯಲಿಗೆ ಬಾ ಎಂದರು.

ಹೋದೆ. ಹೋಗಿ ನಿಂತೆ. ಒಂದು ತಿಂಗಳು ಅವರು ನನಗೆ ನಿಲ್ಲುವುದನ್ನು ಬಿಟ್ಟು ಬೇರೆ ಏನನ್ನೂ ಕಲಿಸಲಿಲ್ಲ. ನಿಲ್ಲಲು ಕಲಿಯುವುದೇನಿದೆ ಎಂದುಕೊಂಡಿದ್ದೆ. ಐದನೆಯ ನಿಮಿಷಕ್ಕೆ ತೊಡೆ ನಡುಗುತ್ತಿತ್ತು, ಹತ್ತನೆಯ ನಿಮಿಷಕ್ಕೆ ಚೀನಾ ದೇಶದ ಮೇಲೇ ಸಿಟ್ಟು ಬರುತ್ತಿತ್ತು. ಅವರು ಬೆರಳ ತುದಿಯಿಂದ ನನ್ನ ಭುಜ ಒತ್ತಿ ಕೆಳಗಿಳಿಸುತ್ತ "ಹಲ್ಲು, ಹಲ್ಲು" ಎನ್ನುತ್ತಿದ್ದರು. ದಖ್ಖನಿಯಲ್ಲಿ ಹಲ್ಲು ಎಂದರೆ ನಿಧಾನ. ಆಮೇಲೆ ಕೈ ಆಡಿಸುವುದು, ಹೆಜ್ಜೆ ಇಡುವುದು, ಸೊಂಟ ತಿರುಗಿಸುವುದು ಒಂದೊಂದಾಗಿ ಬಂದವು. ಹೆಸರೇನು ಎಂದು ಕೇಳಿದ್ದಕ್ಕೆ ತಾಯ್ ಚೀ ಎಂದರು. ಮನೆಗೆ ಬಂದು ಹೇಳಿದರೆ ನೀಲಮ್ಮನಿಗೆ ಸರಿಬರಲಿಲ್ಲ. ತಾಯಿಗೆ ಛೀ ಅನ್ನುವುದು ಎಂಥ ವಿದ್ಯೆ, ಮನೆಯಲ್ಲಿ ಆ ಹೆಸರು ಎತ್ತಬೇಡಿ ಎಂದಳು. ನಳದ ಹತ್ತಿರ ಹೆಂಗಸರು ಅವಳನ್ನು ಆಗಲೇ ಕೇಳತೊಡಗಿದ್ದರಂತೆ, ನಿನ್ನ ಗಂಡನಿಗೆ ಏನಾದರೂ ಬಡಿದಿದೆಯೇ, ಗಾಳಿಯಲ್ಲಿ ಏನೋ ಸವರುತ್ತಿರುತ್ತಾನಲ್ಲ ಎಂದು. ಅವಳು ಒಳಗೇ ಮಾಡಿ ಎಂದಳು. ಒಳಗೆ ಮಾಡಿದೆ. ನಮ್ಮ ಮನೆ ಅಷ್ಟೇನು ದೊಡ್ಡದಲ್ಲ, ಎಮ್ಮೆ ದೂಡಲು ಹೋಗಿ ಉಪ್ಪಿನಕಾಯಿ ಭರಣಿ ದೂಡಿದೆ. ಮರುದಿನದಿಂದ ಮತ್ತೆ ಬಯಲಿಗೇ ಕಳಿಸಿದಳು.

ಒಂದು ಸಂತೆಯ ದಿನ ನಮ್ಮಪ್ಪ ಬೆಳಿಗ್ಗೆಯೇ ಮುದನಾಳದಿಂದ ಬಂದು, ಮನೆಯಲ್ಲಿ ನಾನಿಲ್ಲವೆಂದು ತಿಳಿದು, ಹುಡುಕಿಕೊಂಡು ಬಯಲಿಗೆ ಬಂದ. ನಾನು ಕಣ್ಣು ಅರ್ಧ ಮುಚ್ಚಿ ನಿಂತಿದ್ದೆ. ಅವನು ಕೋಲು ಊರಿ, ಒಂದು ಕಾಲನ್ನು ಇನ್ನೊಂದರ ಮೊಣಕಾಲಿಗೆ ಹಚ್ಚಿ ನಿಂತು, ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ.

"ಇದನ್ನ ಕಲಿಯಾಕ ನಿನಗ ಸಾಲಿಗೆ ಕಳಸಬೇಕಾಗಿತ್ತೇನು?" ಎಂದ. "ನಾ ಕುರಿ ಮುಂದ ನಿಲ್ತೀನಿ. ನೀ ಕುರಿ ಇಲ್ದ ಕುರಿ ಕಾಯಾಕತ್ತೀಯಲ್ಲೋ."

ಚೆನ್ನಪ್ಪನವರು ಅವನ ಕಡೆ ತಿರುಗಿ, ಬಹುಶಃ ಮೆಲ್ಲಗೆ ಮಾತಾಡು, ಹುಡುಗನ ಗಮನ ಚೆದುರುತ್ತದೆ ಎಂಬ ಅರ್ಥದಲ್ಲಿ, "ಹಲ್ಲು, ಹಲ್ಲು" ಎಂದರು. ನಮ್ಮಪ್ಪನಿಗೆ ದಖ್ಖನಿ ಬಾರದು. ಹಲ್ಲಿನ ವೈದ್ಯ ಹಲ್ಲು ಎಂದಮೇಲೆ ಮತ್ತೇನು ಕೇಳಿರಲು ಸಾಧ್ಯ ಎಂದು ಅವನು ಮುಂದೆ ಬಂದು ದೊಡ್ಡದಾಗಿ ಬಾಯಿ ತೆರೆದು ನಿಂತ. ಚೆನ್ನಪ್ಪನವರು ಬಗ್ಗಿ ಮೂವತ್ತೆರಡನ್ನೂ ಎಣಿಸಿ ನೋಡಿ, ಇಂಥ ಬಾಯಿಯನ್ನು ತಾವು ಈ ಊರಲ್ಲಿ ಕಂಡಿಲ್ಲವೆಂದರು. ಆಮೇಲೆ ಅವನ ಕಾಲು, ಸೊಂಟ, ಕೋಲು ಹಿಡಿದ ಭುಜ ಎಲ್ಲವನ್ನೂ ಸುತ್ತಿ ಬಂದು ನೋಡಿ, ನನಗೆ ಹೇಳಿದರು: ನೀನು ತಪ್ಪು ಮನುಷ್ಯನ ಹತ್ತಿರ ಕಲಿಯಲು ಬಂದಿದ್ದೀಯ, ಇವರು ನಲವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ. ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವನು ಮುಂದಿನ ಸಂತೆಗೆ ಬಂದಾಗ ಚೆನ್ನಪ್ಪನವರಿಗೆ ಒಂದು ಹೊಸ ಕಂಬಳಿ ತಂದುಕೊಟ್ಟ. ನನಗೆ ತಂದಿರಲಿಲ್ಲ.

ಎರಡನೆಯ ಸಲ ಪರೀಕ್ಷೆಗೆ ಕೂತಾಗ ನಾನು ಬರೆದದ್ದು ಮೊದಲ ಸಲದ ಅರ್ಧ. ಪ್ರತಿ ಒತ್ತಕ್ಷರವನ್ನೂ ಕೆಳಗಿಳಿಸಿ, ಅದು ಸರಿಯಾಗಿ ಕೂತಿದೆಯೇ ನೋಡಿ, ಆಮೇಲೆ ಮುಂದಿನದಕ್ಕೆ ಹೋದೆ. ಗಂಟೆ ಹೊಡೆದಾಗ ಕೊನೆಯ ಎರಡು ಪ್ರಶ್ನೆ ಮುಟ್ಟಿಯೇ ಇರಲಿಲ್ಲ. ಕೂದಲೆಳೆಯ ಅಂತರದಲ್ಲಿ ಪಾಸಾದೆ. ರಾಮಚಂದ್ರಯ್ಯನವರು ನನ್ನ ಬೆನ್ನು ತಟ್ಟಿ "ಶಹಬ್ಬಾಸ್" ಎಂದರು, ಒಂದು ವರ್ಷದಲ್ಲಿ ಅವರೂ ಅಷ್ಟು ಉರ್ದು ಕಲಿತಿದ್ದರು. ಬಡ್ತಿ ಸಿಕ್ಕಿತು, ಅದರ ಹಿಂದೆಯೇ ವರ್ಗವೂ ಬಂತು. ಮೊದಲು ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ. ನೀಲಮ್ಮ ಯಾದಗಿರಿಯಲ್ಲೇ ಮನೆ ಹಿಡಿದುಕೊಂಡು ಉಳಿದಳು. ನಾನು ಶನಿವಾರ ಬಸ್ಸಿನ ಧೂಳು ತಿಂದು ಬಂದು, ಭಾನುವಾರ ಬೆಳಿಗ್ಗೆ ಚೆನ್ನಪ್ಪನವರ ಜೊತೆ ನಿಂತು, ಸೋಮವಾರ ಮತ್ತೆ ಧೂಳು ತಿನ್ನುತ್ತ ಹೋಗುತ್ತಿದ್ದೆ. ಸುರಪುರದಲ್ಲಿ ಗುಡ್ಡದ ಕೆಳಗಿನ ಬಯಲಿನಲ್ಲಿ ಒಬ್ಬನೇ ಮಾಡುತ್ತಿದ್ದೆ. ಸ್ವಲ್ಪ ದಿನಕ್ಕೆ ನಮ್ಮ ಕಚೇರಿಯ ಬಸಣ್ಣ ಎಂಬ ಗುಮಾಸ್ತನೂ ಬಂದು ಜೊತೆಗೆ ನಿಲ್ಲತೊಡಗಿದ. ಮಾತು ಕಡಿಮೆ, ನನಗಿಂತ ನಾಲ್ಕೈದು ವರ್ಷ ಸಣ್ಣವನು, ದೈವಭಕ್ತ.

ಹೀಗಿರುವಾಗ ಚೀನಾದ ಜೊತೆ ಯುದ್ಧ ಶುರುವಾಯಿತು. ಹೋಟೆಲಿನ ರೇಡಿಯೋ ಸುತ್ತ ಜನ ತುಂಬಿದರು. ಎಲ್ಲರ ಮುಖವೂ ಗಂಟಿಕ್ಕಿತು. ಒಂದು ದಿನ ಕಚೇರಿಯಲ್ಲಿ ಎಲ್ಲರೂ ಇದ್ದಾಗ ಸಾಹೇಬರು, ಹೊಸದಾಗಿ ಬಂದವರು, ನನ್ನನ್ನು ಕರೆದು, ನೀವು ಬೆಳಿಗ್ಗೆ ಮಾಡುವ ಕೈಸನ್ನೆ ಚೀನಾದವರದು ಎಂದು ಯಾರೋ ಹೇಳುತ್ತಿದ್ದಾರೆ, ಹೌದೇ, ಅದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಅವರ ದನಿ ಗಟ್ಟಿಯಿರಲಿಲ್ಲ. ಆದರೆ ಮೇಜಿನ ಮೇಲೆ ಬಿಳಿ ಹಾಳೆ ಇತ್ತು, ಕೈಯಲ್ಲಿ ಪೆನ್ನು ಇತ್ತು. ನಾಲ್ಕು ವರ್ಷದಿಂದ ಪ್ರತಿಯೊಂದನ್ನೂ ನಿಧಾನವಾಗಿ ಮಾಡಲು ಕಲಿಯುತ್ತಿದ್ದ ನಾನು ಆ ದಿನ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟೆ.

"ಅಲ್ರಿ ಸಾಹೇಬ್ರ. ಕೃಷ್ಣಾ ದಂಡಿ ಮ್ಯಾಲ ಒಬ್ರು ಮೌನಿ ಸಾಧುಗಳಿದ್ರು. ಅವರು ಕಲಿಸಿದ್ದು."

ಹೆಸರೇನು ಎಂದರು. ಮೌನಿಗಳು, ಹೆಸರು ಹೇಳುವುದಿಲ್ಲ ಎಂದೆ. ಸಾಹೇಬರು ನನ್ನನ್ನು ನೋಡುತ್ತಲೇ ಇದ್ದರು. ಆಗ ಹಿಂದಿನಿಂದ ಬಸಣ್ಣ ಎದ್ದು ನಿಂತು, ಹೌದು, ಆ ಸಾಧುಗಳನ್ನು ತಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ, ಬಹಳ ದೊಡ್ಡವರು, ಮೈಮೇಲೆ ಕಾವಿ ಬಿಟ್ಟು ಏನೂ ಇರುತ್ತಿರಲಿಲ್ಲ ಎಂದ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ನಾನು ಬದುಕಿಕೊಂಡೆ, ಮತ್ತು ನಾನೇ ಆ ಗಳಿಗೆಯಲ್ಲಿ ಹುಟ್ಟಿಸಿದ ಸಾಧುವನ್ನು ಚಿಕ್ಕಂದಿನಲ್ಲೇ ಕಂಡ ಈ ಪೆದ್ದನ ಭಕ್ತಿಗೆ ಒಳಗೊಳಗೇ ನಕ್ಕೆ.

ಆ ಶನಿವಾರ ಯಾದಗಿರಿಯಲ್ಲಿ ಬಸ್ಸಿಳಿದು ಸ್ಟೇಷನ್ ರಸ್ತೆಯಲ್ಲಿ ಬರುತ್ತಿದ್ದೆ. ಹಲ್ಲಿನ ಹಲಗೆಗೆ ಯಾರೋ ಡಾಂಬರು ಬಳಿದಿದ್ದರು. ಚೆನ್ನಪ್ಪನವರು ಅಂಗಡಿಗೆ ಬೀಗ ಹಾಕುತ್ತಿದ್ದರು. ವಾರಕ್ಕೊಮ್ಮೆ ಪೊಲೀಸರ ಹತ್ತಿರ ಹೋಗಿ ಸಹಿ ಮಾಡಿ ಬರಬೇಕಾಗಿತ್ತೆಂದು ಆಮೇಲೆ ತಿಳಿಯಿತು. ರಸ್ತೆಯಲ್ಲಿ ಜನರಿದ್ದರು. ನಾನು ಚಪ್ಪಲಿಯಲ್ಲಿ ಏನೋ ಚುಚ್ಚಿದವನ ಹಾಗೆ ಬಗ್ಗಿ, ರಸ್ತೆಯ ಆಚೆ ಬದಿಗೆ ದಾಟಿ, ಮುಖ ತಿರುಗಿಸಿಕೊಂಡು ನಡೆದುಬಿಟ್ಟೆ. ಕಣ್ಣಂಚಿನಲ್ಲಿ ಕಂಡಿತು: ಅವರು ನನ್ನನ್ನು ಕರೆಯಲೆಂದು ಕೈಯನ್ನು ಸ್ವಲ್ಪ ಎತ್ತಿದ್ದವರು, ಏನೂ ಅವಸರವಿಲ್ಲದೆ ಅದನ್ನು ಕೆಳಗಿಳಿಸಿದರು.

ಮನೆಗೆ ಬಂದು ನೀಲಮ್ಮನಿಗೆ, ಕಾಲ ಕೆಟ್ಟಿದೆ, ಸರ್ಕಾರಿ ನೌಕರಿ, ಇನ್ನು ಅಂಗಡಿಯ ಹಿಂದೆ ಹೋಗುವುದಿಲ್ಲ ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹಲ್ಲು ಕಿತ್ತಾಗ ಅವರು ಚೀನಾದವರು ಅಂತ ಗೊತ್ತಿದ್ದಿಲ್ಲೇನು ನಿಮಗ?" ಎಂದಳು.

ಅಷ್ಟೇ. ಮರುದಿನ ಸೂರ್ಯ ಹುಟ್ಟುವಾಗ ಅವಳೇ ಒಂದು ಬಟ್ಟೆಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನನ್ನ ಮುಂದೆ ಮುಂದೆ ನಡೆದಳು. ತಾಯಿಗೆ ಛೀ ಅನ್ನುವ ವಿದ್ಯೆ ಎಂದು ಮೂಗು ಮುರಿದವಳು ಇವಳೇ. ಚೆನ್ನಪ್ಪನವರು ಬಯಲಿನಲ್ಲಿ ಒಬ್ಬರೇ ನಿಂತಿದ್ದರು. ಚಹಾ ಅಂಗಡಿಯ ಮುಂದೆ ಇಬ್ಬರು ಪೊಲೀಸರು ಕಪ್ಪು ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ನಾನು ಹೋಗಿ ಚೆನ್ನಪ್ಪನವರ ಪಕ್ಕದಲ್ಲಿ ನಿಂತೆ. ಮೊದಲ ತಿಂಗಳು ನಡುಗಿದ್ದಕ್ಕಿಂತ ಹೆಚ್ಚು ನಡುಗಿದೆ. ನಡುವೆ ಒಮ್ಮೆ ಅವರು ಕೈಚಾಚಿ, ಕಿವಿಯ ತನಕ ಏರಿದ್ದ ನನ್ನ ಭುಜವನ್ನು ಎರಡು ಬೆರಳಿಂದ ಕೆಳಗೊತ್ತಿದರು. ಇಪ್ಪತ್ತು ನಿಮಿಷ ಮುಗಿಯಿತು. ಪೊಲೀಸರು ಬೇಸರ ಬಂದು ಅರ್ಧಕ್ಕೇ ಹೋಗಿದ್ದರು. ನೀಲಮ್ಮ ರೊಟ್ಟಿ ಕೊಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಹತ್ತು ಹನ್ನೆರಡು ಭಾನುವಾರ ನಾವು ಹಾಗೆ ನಿಂತೆವು. ಬೇಸಿಗೆ ಬರುವುದರೊಳಗೆ ಅವರು ಅನುಮತಿ ಪಡೆದು ಕಲ್ಕತ್ತೆಯ ತಮ್ಮ ನೆಂಟರ ಹತ್ತಿರ ಹೋದರು. ಸ್ಟೇಷನ್ನಿಗೆ ಹೋಗಿ ಕಳಿಸಿಬಂದೆ. ಒಂದು ಕಾಗದ ಬಂತು, ನಾನು ಎರಡು ಬರೆದೆ, ಅಲ್ಲಿಗೆ ನಿಂತಿತು.

ಇಷ್ಟು ಹೇಳಿದಮೇಲೆ ನೀವು ನನ್ನನ್ನು ಧೈರ್ಯವಂತನೆಂದು ತಿಳಿಯಬಾರದು. ಆ ಧೈರ್ಯ ಯಾದಗಿರಿಗಷ್ಟೇ ಇತ್ತು, ಅದೂ ಹೆಂಡತಿ ಮುಂದೆ ನಡೆದಿದ್ದಕ್ಕೆ. ಸೋಮವಾರ ಸುರಪುರದಲ್ಲಿ ಬಸ್ಸಿಳಿದ ಕೂಡಲೇ ನಾನು ಮತ್ತೆ ಮೌನಿ ಸಾಧುಗಳ ಶಿಷ್ಯ. ಸಾಹೇಬರು ವರ್ಗವಾಗಿ ಹೋದರು, ಯುದ್ಧ ಮುಗಿಯಿತು, ಸಾಧುಗಳು ಉಳಿದರು. ಸುಳ್ಳನ್ನು ತೆಗೆಯಲು ಒಂದು ಒಳ್ಳೆಯ ದಿನ ಬೇಕಲ್ಲ, ಇವತ್ತು ಬೇಡ, ನಾಳೆ ಎಂದುಕೊಂಡೆ. ಎಲ್ಲವನ್ನೂ ನಿಧಾನವಾಗಿ ಮಾಡುವ ವಿದ್ಯೆ ಇದಕ್ಕೂ ಉಪಯೋಗಕ್ಕೆ ಬಂತು. ನಾನು ಮುಂದೂಡಿದಷ್ಟೂ ಬಸಣ್ಣ ಸಾಧುಗಳನ್ನು ಬೆಳೆಸಿದ. ಅವರು ಒಂದೇ ಹಣ್ಣು ತಿಂದು ವಾರ ಕಳೆಯುತ್ತಿದ್ದರು. ಹೊಳೆ ತುಂಬಿದಾಗ ದೋಣಿಯಿಲ್ಲದೆ ಆಚೆ ದಡದಲ್ಲಿ ಕಾಣಿಸಿಕೊಂಡಿದ್ದರು. ಕಸರತ್ತಿಗೆ ಅವನು ಮೌನಯೋಗ ಎಂದು ಹೆಸರಿಟ್ಟ. ಇಬ್ಬರೂ ನಿವೃತ್ತರಾಗಿ ಯಾದಗಿರಿಗೇ ಬಂದು ನೆಲೆಸಿದಮೇಲೆ ಕೆರೆಯ ದಂಡೆಯ ಮೇಲೆ ಇಪ್ಪತ್ತು ಜನ ಸೇರಿದರು. ನಾನು ಕೈಕಾಲು ಕಲಿಸಿದೆ, ಅವನು ಮಹಿಮೆ ಕಲಿಸಿದ. ಗುರುವಾರ ಗುರುವಾರ ತೆಂಗಿನಕಾಯಿ ಒಡೆಯುವುದು ಶುರುವಾಯಿತು.

ಫಾಯ್ದಾ ಏನಾಯಿತು ಎಂಬುದಕ್ಕೆ ಈಗಲಾದರೂ ಪ್ರಾಮಾಣಿಕವಾಗಿ ಉತ್ತರ ಹೇಳಬೇಕು. ನನ್ನ ವಯಸ್ಸಿನ ಗೆಳೆಯರು ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದರು, ನಾನು ಬಚ್ಚಲಲ್ಲಿ ಜಾರುತ್ತೇನೆ, ಬೀಳುವುದಿಲ್ಲ. ಕಾಲು ತಾನಾಗಿ ಎಲ್ಲೋ ಒಂದು ಕಡೆ ಊರಿಕೊಳ್ಳುತ್ತದೆ. ಪಿಂಚಣಿ ಸಾಲಿನಲ್ಲಿ ಒಂದೂವರೆ ಗಂಟೆ ನಿಲ್ಲಬಲ್ಲೆ, ಮುಂದಿನವನು ಜಗಳ ತೆಗೆದರೆ ಅವನ ಜಗಳ ಮುಗಿಯುವ ತನಕ ನಿಲ್ಲಬಲ್ಲೆ. ಸಿಟ್ಟು ಹೋಗಿಲ್ಲ. ಬರುವಾಗ ಅದು ದೂರದಿಂದಲೇ ಕಾಣುತ್ತದೆ, ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಬಹುದು. ನಮ್ಮಪ್ಪ ತೀರಿಕೊಂಡ ಮರುದಿನ ಬೆಳಿಗ್ಗೆ ಏನು ಮಾಡಬೇಕೋ ತಿಳಿಯದೆ ಮುದನಾಳದ ಹೊಲದಲ್ಲಿ ಅವನು ಕುರಿ ನಿಲ್ಲಿಸುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಅಳು ಬಂತು, ಹೋಯಿತು, ಮತ್ತೆ ಬಂತು, ಕಾಲು ಮಾತ್ರ ನೆಲದಲ್ಲಿತ್ತು. ಎಪ್ಪತ್ತು ದಾಟಿದಮೇಲೆ ಒಂದು ಬೆಳಿಗ್ಗೆ ಹೆಜ್ಜೆ ಇಡುವಾಗ ಹಿಮ್ಮಡಿಯಿಂದ ಭಾರ ಹೇಗೆ ಮುಂದಕ್ಕೆ ಹರಿಯುತ್ತದೆ ಎಂಬುದು ಮೊದಲ ಸಲ ತಿಳಿಯಿತು. ನಲವತ್ತು ವರ್ಷ ದಿನಾ ಇಟ್ಟ ಹೆಜ್ಜೆಯೇ ಅದು. ಯಾರಿಗಾದರೂ ಹೇಳೋಣವೆಂದು ಮನೆಗೆ ಬಂದೆ. ಒಂದು ದಿನವೂ ಕಸರತ್ತು ಮಾಡದ, ಆದರೆ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತ ನನ್ನ ತಪ್ಪುಗಳನ್ನೆಲ್ಲ ಕಂಡುಹಿಡಿಯುವ ನೀಲಮ್ಮ, ಅದು ತನಗೆ ಯಾವಾಗಲೋ ಗೊತ್ತಿತ್ತು ಎಂದಳು. ಇನ್ನು ದಣಿವು. ಅದು ಹೋಗುತ್ತದೆಂದು ತಿಳಿದಿದ್ದೆ, ಹೋಗಲಿಲ್ಲ. ದಣಿಯುವುದನ್ನೂ ನಿಧಾನವಾಗಿ, ಒಂದು ಕಡೆ ನೆಟ್ಟಗೆ ನಿಂತು ದಣಿಯಲು ಕಲಿತೆ, ಅಷ್ಟೇ.

ಇದೆಲ್ಲ ಕೊಟ್ಟವರ ಹೆಸರನ್ನೇ ನಾನು ನುಂಗಿದ್ದೇನಲ್ಲ ಎಂಬುದು ಮೊನ್ನೆ ಮೊನ್ನೆ ಬಹಳ ಭಾರವಾಯಿತು. ಒಂದು ಗುರುವಾರ ಕಾಯಿ ಒಡೆಯುವ ಮೊದಲು ಎಲ್ಲರನ್ನೂ ಕೂಡಿಸಿ, ಎದ್ದು ನಿಂತು, ಹಲ್ಲು ಮುರಿದದ್ದರಿಂದ ಹಿಡಿದು ಕಲ್ಕತ್ತೆಯ ಗಾಡಿಯ ತನಕ ಹೇಳಿದೆ. ಸಾಧುಗಳೆಂಬವರು ಇಲ್ಲವೇ ಇಲ್ಲ, ಅವರನ್ನು ಹುಟ್ಟಿಸಿದವನು ನಾನು, ಇದನ್ನು ಕಲಿಸಿದವರು ಚೆನ್ ಎಂಬ ಚೀನೀ ಹಲ್ಲಿನ ವೈದ್ಯರು ಎಂದೆ. ಹೇಳಿ ಮುಗಿಸಿ ತಲೆ ತಗ್ಗಿಸಿ ನಿಂತೆ. ಬಸಣ್ಣನ ಮುಖ ನೋಡಲು ಧೈರ್ಯವಿರಲಿಲ್ಲ. ಐವತ್ತು ವರ್ಷ ನಂಬಿದವನು, ಪಾಪ, ಎದೆಯೊಡೆದುಕೊಂಡಾನು ಎಂಬ ಹೆದರಿಕೆ.

ಬಸಣ್ಣ ಕಾಯಿಯ ಜುಟ್ಟು ಬಿಡಿಸುವುದನ್ನು ಮುಂದುವರಿಸುತ್ತಲೇ ಹೇಳಿದ.

"ಗೊತ್ತದರಿ. ನಮ್ಮವ್ವನ ಹಲ್ಲಿನ ಸೆಟ್ಟು ಕಟ್ಟಿದವರು ಅವರೇ. ಅವ್ವನ್ನ ಕರಕೊಂಡು ಇಲ್ಲಿಗೆ ಬಂದಾಗ ಅಂಗಡಿ ಹಿಂದ ನೀವಿಬ್ಬರೂ ನಿಂತದ್ದು ನಾ ನೋಡೀನಿ. ಆ ದಿನ ಸಾಹೇಬರ ಮುಂದ ನಾ ಸುಮ್ಮ ಕುಂತಿದ್ರ ನಿಮ್ಮ ನೌಕರಿ ಎಲ್ಲಿರ್ತಿತ್ತು?"

ನನಗೆ ಕೂಡಬೇಕೆನಿಸಿತು, ಕೂತೆ. ಹಾಗಿದ್ದರೆ ಹೊಳೆ ದಾಟಿದ್ದು, ಒಂದೇ ಹಣ್ಣು ತಿಂದದ್ದು, ಅದೆಲ್ಲ ಯಾಕೆ ಕಟ್ಟಿದೆ ಎಂದು ಕೇಳಿದೆ. ಮೊದಲು ಸಾಹೇಬರಿಗೆ ಸಂಶಯ ಬಾರದಿರಲಿ ಎಂದು ಕಟ್ಟಿದನಂತೆ. ಸಾಹೇಬರು ಹೋದಮೇಲೆ ನಿಲ್ಲಿಸೋಣವೆಂದರೆ, ಹೇಳಿ ಹೇಳಿ ಅಷ್ಟರಲ್ಲಿ ಅವನಿಗೇ ಸಾಧುಗಳ ಮೇಲೆ ಭಕ್ತಿ ಬಂದುಬಿಟ್ಟಿತ್ತಂತೆ. ಇದನ್ನು ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ನಗೆ ಇರಲಿಲ್ಲ. ಉಳಿದವರು ನನ್ನ ತಪ್ಪೊಪ್ಪಿಗೆಯನ್ನು ಗೌರವದಿಂದ ಕೇಳಿದರು. ಅವರಿಗಿದ್ದ ಒಂದೇ ಚಿಂತೆ, ಗುರುವಾರದ ಕಾಯಿ ಮುಂದುವರಿಯುತ್ತದೋ ಇಲ್ಲವೋ ಎಂಬುದು. ಸ್ವಲ್ಪ ಹೊತ್ತು ಮಾತಾಡಿಕೊಂಡು, ಇಬ್ಬರೂ ಇರಲಿ ಬಿಡ್ರಿ ಎಂದು ತೀರ್ಮಾನ ಮಾಡಿದರು.

ಈಗ ದಿನಾ ಶುರುಮಾಡುವ ಮೊದಲು ನಾವು ಇಬ್ಬರು ಗುರುಗಳಿಗೆ ಕೈ ಮುಗಿಯುತ್ತೇವೆ. ಒಬ್ಬರು ನನ್ನ ಭುಜ ಇಳಿಸಿದವರು, ಇನ್ನೊಬ್ಬರು ಹೆದರಿಕೆಯಲ್ಲಿ ನನ್ನ ಬಾಯಿಂದ ಬಿದ್ದವರು. ಇಷ್ಟಾದರೂ ಮುಗಿಯಲಿಲ್ಲ, ಇದೊಂದನ್ನು ನೀಲಮ್ಮನಿಗೂ ಹೇಳಿಲ್ಲ. ಚಳಿ ಹೆಚ್ಚಾಗಿ, ಮೊಣಕಾಲು ತೀರಾ ನೋಯುವ ಬೆಳಿಗ್ಗೆ, ಇವತ್ತೊಂದು ದಿನ ದಾಟಿಸಪ್ಪ ಎಂದು ಕಣ್ಣು ಮುಚ್ಚಿದರೆ ನನ್ನ ಮನಸ್ಸು ಮೊದಲು ಹೋಗಿ ನಿಲ್ಲುವುದು ಕೃಷ್ಣೆಯ ದಡದಲ್ಲಿ, ಇಲ್ಲದ ಆ ಸಾಧುಗಳ ಮುಂದೆ.